ಸಣ್ಣ ಕಣ್ಣಿನ ಬಲೆ

ಬಂದರಿನ ಹಿಂದಿನ ಬೀದಿಗೆ ಹೋಗಿ ಅವಳ ನಿಜವಾದ ಹೆಸರು ಹೇಳಿದರೆ ಪಕ್ಕದ ಮನೆಯವರೂ ತಲೆ ಅಲ್ಲಾಡಿಸಿ, ಅಂಥವರು ಇಲ್ಲಿ ಯಾರೂ ಇಲ್ಲವಲ್ಲ ಎಂದುಬಿಡುತ್ತಾರೆ. 'ಬಲೆಯಕ್ಕ' ಎಂದು ಕೇಳಿದರೆ ಆಟವಾಡುತ್ತಿರುವ ಮಕ್ಕಳೇ ಆಟ ಬಿಟ್ಟು ಬಂದು ಮನೆ ಬಾಗಿಲು ತೋರಿಸುತ್ತವೆ. ಹಾಗಂತ ಅವಳು ಮೀನು ಹಿಡಿಯುವ ಮನೆತನದವಳಲ್ಲ. ಜೀವಮಾನದಲ್ಲಿ ಒಂದು ಮೀನನ್ನೂ ನೀರಿನಿಂದ ಮೇಲೆತ್ತಿದವಳಲ್ಲ. ಅರವತ್ತು ದಾಟುವವರೆಗೆ ಹಡಗು ಹತ್ತಿ ಸಮುದ್ರಕ್ಕೆ ಹೋದವಳೂ ಅಲ್ಲ. ಅವಳು ದರ್ಜಿ.

ಮದುವೆಯಾಗಿ ಬಂದ ಹೊಸದರಲ್ಲಿ ಸೈಕಲ್ ರಿಪೇರಿ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಕಿರಿದಾದ ಕೋಣೆಯಲ್ಲಿ ಅವಳು ಹೊಲಿಗೆ ಮೆಷಿನ್ ಇಟ್ಟಳು. ಶಾಲೆ ಮಕ್ಕಳ ಸಮವಸ್ತ್ರ, ಕಿಟಕಿ ಪರದೆ, ದಿಂಬಿನ ಚೀಲ, ಬಂದರಿನ ಕೂಲಿಗಳ ಹರಿದ ಪ್ಯಾಂಟು, ಇವೇ ಅವಳ ಕೆಲಸ. ಗಂಡ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಅತ್ತೆ ಅಂಗಡಿಯ ಹೊಸ್ತಿಲಲ್ಲಿ ಸ್ಟೂಲ್ ಹಾಕಿಕೊಂಡು ಗುಂಡಿ ಹಚ್ಚುತ್ತಾ, ಬೀದಿಯಲ್ಲಿ ಹೋಗುವವರ ಬಗ್ಗೆ ಒಬ್ಬರನ್ನೂ ಬಿಡದೆ ಅಭಿಪ್ರಾಯ ಹೇಳುತ್ತಾ ಕೂರುತ್ತಿದ್ದಳು. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅತ್ತೆಯ ಮಾತು ಕೇಳಲೆಂದೇ ಬರುತ್ತಿದ್ದರು ಎಂದರೂ ತಪ್ಪಿಲ್ಲ.

ಒಂದು ಮಧ್ಯಾಹ್ನ ಕನ್ನಡಕ ಹಾಕಿಕೊಂಡ, ಕಡ್ಡಿಯಂಥ ಒಬ್ಬ ಹೆಂಗಸು ಒದ್ದೆ ಬಟ್ಟೆಯ ದೊಡ್ಡ ಮೂಟೆಯನ್ನು ತಬ್ಬಿಕೊಂಡು ಬಂದರು. ಪ್ಯಾಂಟಿನ ಮೊಣಕಾಲಿನ ತನಕ ಉಪ್ಪು ಬಿಳಿಬಿಳಿಯಾಗಿ ಒಣಗಿತ್ತು. ಮೇಜಿನ ಮೇಲೆ ಮೂಟೆ ಬಿಚ್ಚಿದರೆ ಅದೊಂದು ಉದ್ದನೆಯ ಚೀಲ. ಬಾಯಿ ಅಗಲ, ಬಾಲ ಚೂಪು. ಬಾಯಿಗೆ ಕಬ್ಬಿಣದ ಬಳೆ, ಬಾಲದ ತುದಿಗೆ ಲೋಟದಂಥ ಒಂದು ಡಬ್ಬಿ. ನಡುವಿನ ಬಟ್ಟೆ ಅವಳು ಅಲ್ಲಿಯವರೆಗೆ ಮುಟ್ಟಿದ್ದ ಯಾವ ಬಟ್ಟೆಯಂತೆಯೂ ಇರಲಿಲ್ಲ. ಬೆಳಕಿಗೆ ಹಿಡಿದರೆ ಮಂಜು, ಬೆರಳಲ್ಲಿ ಉಜ್ಜಿದರೆ ಒಣ ಎಲೆಯ ಸದ್ದು. ಉದ್ದಕ್ಕೂ ಹರಿದಿತ್ತು.

"ಇದನ್ನ ಹೊಲಿದುಕೊಡ್ತೀರಾ? ಊರಲ್ಲಿರೋ ದರ್ಜಿಗಳೆಲ್ಲ ಆಗಲ್ಲ ಅಂದ್ರು," ಎಂದರು ಆಕೆ.

"ಇದು ಏನು ಅಂತ ಮೊದಲು ಹೇಳಿ."

"ಬಲೆ. ಸಮುದ್ರದ ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಗಳನ್ನ ಹಿಡಿಯೋಕೆ. ಬರಿಗಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಆದ್ರೆ ಅವನ್ನ ತಿಂದೇ ಸಣ್ಣ ಮೀನು ಬದುಕೋದು, ಸಣ್ಣದನ್ನ ತಿಂದು ದೊಡ್ಡದು."

ಅತ್ತೆಯ ಕೈಯಲ್ಲಿದ್ದ ಸೂಜಿ ನಿಂತಿತು. "ಕಣ್ಣಿಗೇ ಕಾಣಲ್ಲ ಅಂದ್ಮೇಲೆ, ಸಿಕ್ತೋ ಇಲ್ವೋ ಅಂತ ಗೊತ್ತಾಗೋದು ಹೇಗಮ್ಮಾ?"

"ಅದನ್ನ ತಿಳ್ಕೊಳ್ಳೋಕೇ ಅಮ್ಮಾ ನಾನು ಇಷ್ಟು ವರ್ಷ ಓದಿದ್ದು," ಎಂದು ಆಕೆ ನಕ್ಕುಬಿಟ್ಟರು. ಅತ್ತೆಗೆ ಈ ಉತ್ತರ ಹಿಡಿಸಿತು. ಪಕ್ಕದ ಸ್ಟೂಲ್ ಎಳೆದು ಕೂರಲು ಹೇಳಿದಳು. ಹೀಗೆ ಆ ಮನೆಗೆ ಮೇಡಂ ಬಂದರು. ಬಂದರಿನ ಆ ತುದಿಯಲ್ಲಿದ್ದ ಸಮುದ್ರ ಸಂಶೋಧನಾ ಸಂಸ್ಥೆಗೆ ಆಗಷ್ಟೇ ಕೆಲಸಕ್ಕೆ ಸೇರಿದ್ದವರು.

ಮೊದಲ ಸಲ ಹೊಲಿದದ್ದು ಕೆಟ್ಟಿತು. ಅಂಗಿ ಹೊಲಿದ ಹಾಗೆ ಸರಸರ ಮೆಷಿನ್ ಓಡಿಸಿ ಕೊಟ್ಟಳು. ಎರಡೇ ದಿನಕ್ಕೆ ಮೇಡಂ ವಾಪಸು ಬಂದರು. ಬಲೆಯ ಕಣ್ಣಿಗಿಂತ ಸೂಜಿ ಮಾಡಿದ ತೂತೇ ದೊಡ್ಡದು. ಹೊಲಿಗೆಯ ಗೆರೆಗುಂಟ ಹಿಡಿದದ್ದೆಲ್ಲ ಸೋರಿ ಹೋಗಿದೆ. ಅವಳಿಗೆ ಮುಖ ಎಲ್ಲಿಡಲಿ ಎನ್ನಿಸಿತು. ಮೇಡಂ ಮಾತ್ರ ಸಿಟ್ಟಾಗಲಿಲ್ಲ. "ನಾನೂ ಇದನ್ನ ಯೋಚನೆ ಮಾಡಿರಲಿಲ್ಲ ಅಕ್ಕ. ಇಬ್ಬರೂ ಕೂತು ನೋಡೋಣ," ಎಂದರು. ಕೂತರು. ಅವಳು ಒಂದೊಂದು ಬಗೆಯಲ್ಲಿ ತುಂಡು ಬಟ್ಟೆ ಹೊಲಿಯುವುದು, ಮೇಡಂ ಅದನ್ನು ಒಯ್ದು ನೀರು ಸುರಿದು ನೋಡಿ ಬರುವುದು. ಕೊನೆಗೆ ಕೂಲಿಗಳ ಪ್ಯಾಂಟಿನ ಕಾಲಿಗೆ ಹಾಕುವ ಮಡಿಕೆ ಹೊಲಿಗೆಯೇ ದಾರಿ ತೋರಿಸಿತು. ಅಂಚನ್ನು ಒಂದರೊಳಗೊಂದು ಮಡಚಿ, ಸಿಕ್ಕಿದ್ದರಲ್ಲಿ ಅತ್ಯಂತ ಸಣ್ಣ ಸೂಜಿಯಲ್ಲಿ ಹೊಲಿದು, ಮೇಲೊಂದು ಪಟ್ಟಿ ಕೂರಿಸಿದರೆ ನೀರಿನ ಹನಿ ಬಿಟ್ಟರೆ ಬೇರೇನೂ ಆಚೆ ಹೋಗುತ್ತಿರಲಿಲ್ಲ.

ಆ ಬಲೆ ಸಮುದ್ರಕ್ಕೆ ಹೋಗಿ ಬಂದ ಮೇಲೆ ಮೇಡಂ ಅವಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದರು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಸೀಸೆಗಳ ಸಾಲು, ಮೂಗಿಗೆ ಅಡರುವ ಔಷಧಿ ವಾಸನೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಬೆಚ್ಚಿ ಹಿಂದೆ ಸರಿದಳು. ಮತ್ತೆ ಕಣ್ಣಿಟ್ಟಳು. ಗಾಜಿನಲ್ಲಿ ಮಾಡಿದಂಥ ಒಂದು ಜೀವ. ದೋಣಿಗೆ ಹುಟ್ಟು ಹಾಕುವಂಥ ಎರಡು ಉದ್ದ ಮೀಸೆ, ನೆತ್ತಿಯಲ್ಲಿ ಕೆಂಪು ಚುಕ್ಕಿಯಂಥ ಒಂದೇ ಕಣ್ಣು.

"ಇದರ ಹೊಟ್ಟೆಯೊಳಗಿನ ಊಟಾನೂ ಕಾಣ್ತಿದೆ ಮೇಡಂ!"

"ನೀವು ಹಿಡಿದಿದ್ದು ಅಕ್ಕ ಅದು," ಎಂದರು ಮೇಡಂ.

ಅಂದು ಮನೆಗೆ ಬಂದವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗಂಡನ ತಟ್ಟೆಗೆ ಬಡಿಸುವುದನ್ನು ಮರೆತು ಕೈಯಲ್ಲೇ ಸೌಟು ಹಿಡಿದುಕೊಂಡು ಮೀಸೆ, ಕಣ್ಣು, ಹೊಟ್ಟೆ ಎಲ್ಲ ವರ್ಣಿಸಿದಳು. ಅವನು ಖಾಲಿ ತಟ್ಟೆ ಮುಂದಿಟ್ಟುಕೊಂಡು ಪೂರ್ತಿ ಕೇಳಿದ.

ಕೆಲವೇ ತಿಂಗಳಲ್ಲಿ ಸಂಸ್ಥೆಯವರು ಅವಳಿಗೆ ಕೆಲಸ ಕೊಟ್ಟರು. ಹಡಗುಕಟ್ಟೆಗೆ ತೆರೆದುಕೊಳ್ಳುವ ಕೋಣೆ, ಬಾಗಿಲಿಂದ ಗೋಡೆಯ ತನಕ ಚಾಚಿದ ಮರದ ಮೇಜು, ಎರಡು ಮೆಷಿನ್, ಸೂರಿನಿಂದ ಇಳಿಬಿದ್ದ ಕೊಕ್ಕೆಗಳಲ್ಲಿ ತೂಗುವ ಬಲೆಗಳು. ಕಿಟಕಿಯಾಚೆ ಸಂಸ್ಥೆಯ ಹಡಗು. ಮೈಯೆಲ್ಲ ಬಿಳಿ, ಹಿಂಭಾಗದಲ್ಲಿ ಕದವಿಲ್ಲದ ಬಾಗಿಲಿನಂಥ ದೊಡ್ಡ ಕಬ್ಬಿಣದ ಕಮಾನು, ಅದರ ಹಿಂದೆ ಬಲೆ ಇಳಿಸಿ ಎತ್ತಲು ತಂತಿ ಸುತ್ತಿದ ವಿಂಚ್. ಬಂದರಿನಲ್ಲಿ ಆ ಹಡಗಿಗೆ ಅಷ್ಟೇನೂ ಮರ್ಯಾದೆ ಇರಲಿಲ್ಲ. ಸರಕು ತರುವುದಿಲ್ಲ, ಜನರನ್ನು ಒಯ್ಯುವುದಿಲ್ಲ, ಮೀನೂ ಹಿಡಿಯುವುದಿಲ್ಲ. ಕೂಲಿಗಳು ಅದಕ್ಕೆ 'ಬರಿಗೈ ಹಡಗು' ಎಂದು ಹೆಸರಿಟ್ಟಿದ್ದರು. ಗಂಡನೂ ಬಿಡುತ್ತಿರಲಿಲ್ಲ. "ನನ್ನ ಕ್ರೇನು ಬೇರೆ ಹಡಗಿಂದ ಲಾರಿ ಇಳಿಸುತ್ತೆ, ರೈಲಿನ ಎಂಜಿನ್ ಇಳಿಸುತ್ತೆ. ನಿಮ್ಮ ಹಡಗಿಂದ ಮಾತ್ರ ಉಪ್ಪುನೀರಿನ ಸೀಸೆ. ಎತ್ತೋಕೆ ಕ್ರೇನಿಗೇ ನಾಚಿಕೆ."

"ನಿಮ್ಮ ಕ್ರೇನಿಗೆ ಏನು ಗೊತ್ತು, ಸೀಸೆ ಒಳಗೆ ಏನಿದೆ ಅಂತ?" ಎನ್ನುತ್ತಿದ್ದಳು ಅವಳು. ಆ ಮಾತಿನಲ್ಲಿ ಜಗಳವಿರಲಿಲ್ಲ, ಬಿಂಕವಿತ್ತು.

ಅತ್ತೆಯನ್ನು ಗೆದ್ದದ್ದು ಮಾತ್ರ ಸೂಕ್ಷ್ಮದರ್ಶಕ. ವರ್ಷಕ್ಕೊಮ್ಮೆ ಊರಿನ ಜನರಿಗೆ ಹಡಗು ತೋರಿಸುವ ದಿನ ಇರುತ್ತಿತ್ತು. ಸೊಸೆಯ ಒತ್ತಾಯಕ್ಕೆ ಗೊಣಗುತ್ತಾ ಬಂದ ಅತ್ತೆ, ಒಂದು ಸಲ ಕಣ್ಣಿಟ್ಟವಳು ಹಿಂದೆ ನಿಂತ ಸಾಲನ್ನು ಕ್ಯಾರೇ ಎನ್ನದೆ ಅಲ್ಲೇ ಬೇರು ಬಿಟ್ಟಳು. "ಇಷ್ಟೆಲ್ಲ ಜನ ಕೆಳಗಿದ್ದಾರೆ ಅಂತ ಯಾರೂ ಹೇಳೇ ಇಲ್ವಲ್ಲ ನನಗೆ," ಎಂದಳು ಕೊನೆಗೆ. ಆ ಪುಟ್ಟ ಜೀವಗಳು ಅತ್ತೆಯ ಬಾಯಲ್ಲಿ ಕೊನೆಯವರೆಗೂ 'ಜನ' ಆಗಿಯೇ ಉಳಿದವು. ಮಾರನೆಯ ದಿನದಿಂದ ಬೀದಿಯಲ್ಲಿ ಹೋಗುವವರ ಬಗ್ಗೆ ಹೇಳುವುದು ಬಿಟ್ಟು ನೀರಿನ ಕೆಳಗಿನವರ ಬಗ್ಗೆ ಹೇಳತೊಡಗಿದಳು. ಸೊಸೆಗೆ 'ಬಲೆಯಕ್ಕ' ಎಂಬ ಹೆಸರು ಅಂಟಿಸಿದ್ದೂ ಅವಳೇ.

ಹಡಗಿನ ಕೆಲಸಗಳಲ್ಲೆಲ್ಲ ದೊಡ್ಡದು ವರ್ಷಕ್ಕೊಮ್ಮೆಯ ಒಂದು ಪ್ರಯಾಣ. ಗಾಳಿಯ ಕಾಲ ಮುಗಿದ ಕೂಡಲೇ ಹಡಗು ಹೊರಡುತ್ತಿತ್ತು. ದಡದಿಂದ ನಡುಸಮುದ್ರದ ತನಕ ಒಂದೇ ಗೆರೆಯಲ್ಲಿ ಗುರುತು ಮಾಡಿದ ಜಾಗಗಳು. ಪ್ರತಿ ವರ್ಷ ಅವೇ ಜಾಗ, ಅದೇ ಆಳ, ಅದೇ ಅಳತೆಯ ಬಲೆ. ಒಂದೊಂದು ಜಾಗದಲ್ಲೂ ಬಲೆ ಇಳಿಸಿ ಎತ್ತಿ, ಎಷ್ಟು ಜೀವ, ಯಾವ ಜೀವ ಎಂದು ಎಣಿಸುವುದು. ಮೇಡಂಗಿಂತ ಹಿಂದಿನವರು ಶುರು ಮಾಡಿದ್ದು, ಮೇಡಂ ಹಿಡಿದು ಮುಂದುವರಿಸಿದ್ದು. "ಒಂದು ವರ್ಷದ ಲೆಕ್ಕದಿಂದ ಏನೂ ಗೊತ್ತಾಗಲ್ಲ ಅಕ್ಕ. ವರ್ಷ ವರ್ಷ ಬಿಡದೆ ನೋಡಿದ್ರೆ ಮಾತ್ರ ಸಮುದ್ರ ಬಾಯಿ ಬಿಡುತ್ತೆ," ಎನ್ನುತ್ತಿದ್ದರು. ಎಂಜಿನ್ ಕೈಕೊಟ್ಟ ವರ್ಷವೂ ಹೋದರು, ಕ್ಯಾಪ್ಟನ್ ಕಾಲು ಮುರಿದುಕೊಂಡ ವರ್ಷವೂ ಹೋದರು. ಒಂದು ವರ್ಷವೂ ತಪ್ಪಲಿಲ್ಲ.

ಹಡಗು ಮರಳಿದಾಗಲೆಲ್ಲ ಡೆಕ್ಕಿನ ಮೇಸ್ತ್ರಿ ಹರಿದ ಬಲೆಗಳನ್ನು ಹೆಗಲ ಮೇಲೆ ಹೊತ್ತುಕೊಂಡು, ತಪ್ಪು ಮಾಡಿದ ಮಗುವಿನ ಮುಖ ಮಾಡಿಕೊಂಡು ಅವಳ ಬಾಗಿಲಿಗೆ ಬರುತ್ತಿದ್ದ. ವಿಂಚ್ ನಡೆಸುವವನು ಅವನೇ.

"ನಾನೇನೂ ಮಾಡಿಲ್ಲ ಅಕ್ಕ. ಸಮುದ್ರಾನೇ ಎಳೀತು."

"ಸಮುದ್ರ ಹೀಗೆ ಕತ್ತರಿಲಿ ಕತ್ತರಿಸಿದ ಹಾಗೆ ಎಳೆಯುತ್ತಾ?"

"ಆವತ್ತು ಎಳೀತು," ಎನ್ನುತ್ತಿದ್ದ ಅವನು, ಒಂದಿಷ್ಟೂ ನಗದೆ.

ಒಂದು ವರ್ಷ ಬಲೆಗಳು ಹಗುರಾಗಿ ಬಂದವು. ನೀರು ಬಿಸಿಯಾಗಿತ್ತು, ಸೀಸೆಗಳ ತಳದಲ್ಲಿ ಸಣ್ಣ ಜೀವಗಳ ಎಂದಿನ ಗಸಿ ಇರಲಿಲ್ಲ. ಮೇಡಂ ಮೀನುಗಾರರ ಸಂಘಕ್ಕೆ ಹೋಗಿ, ಮುಂದೆ ಮೀನು ಕಡಿಮೆಯಾಗುತ್ತದೆ, ಮರಿಮೀನು ಹಿಡಿಯುವುದನ್ನು ಈಗಲೇ ನಿಲ್ಲಿಸಿ ಎಂದರು. ಕೆಲವರು ನಕ್ಕರು. ಅವತ್ತು ಮೀನು ರಾಶಿ ರಾಶಿ ಬೀಳುತ್ತಿತ್ತು. ಆದರೆ ಸಂಘದ ಹಿರಿಯರು ಒಪ್ಪಿ ಮರಿಮೀನಿನ ಬಲೆ ಬಿಡುವುದನ್ನು ನಿಲ್ಲಿಸಿದರು. ಬಡವಾದ ವರ್ಷಗಳು ಬಂದೇ ಬಂದವು. ಅಕ್ಕಪಕ್ಕದ ಬಂದರುಗಳಲ್ಲಿ ದೋಣಿ ಮಾರಿಕೊಂಡರು. ಈ ಬಂದರಿನ ದೋಣಿಗಳು ಉಸಿರು ಹಿಡಿದುಕೊಂಡು ದಾಟಿಕೊಂಡವು. ಅದಾದ ಮೇಲೆ ಬಿಳಿ ಹಡಗು ಹೊರಡುವ ದಿನ ಮೀನುದೋಣಿಗಳು ಬಂದರಿನ ಬಾಯಿಗೆ ಅಡ್ಡ ಬರದೆ ಪಕ್ಕಕ್ಕೆ ಸರಿದು ದಾರಿ ಬಿಡುವುದು ರೂಢಿಯಾಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ. ಕಿಟಕಿಯಲ್ಲಿ ನಿಂತು ಅದನ್ನು ನೋಡುವಾಗ ಬಲೆಯಕ್ಕನ ಎದೆ ತುಂಬಿ ಬರುತ್ತಿತ್ತು.

ಹಡಗು ಹತ್ತಲು ಮಾತ್ರ ಅವಳು ಒಪ್ಪಲಿಲ್ಲ. ಮೇಡಂ ಪ್ರತಿ ವರ್ಷ ಕರೆದರು. ನದಿ ದಾಟುವ ದೋಣಿಯಲ್ಲೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. "ನನ್ನ ಬಲೆ ಹೋಗುತ್ತಲ್ಲ ಮೇಡಂ, ನಾನು ಹೋದ ಹಾಗೇ," ಎಂದು ಜಾರಿಕೊಳ್ಳುತ್ತಿದ್ದಳು.

ವರ್ಷಗಳು ಹೀಗೆ ಉರುಳಿದವು. ಅತ್ತೆ ತೀರಿಕೊಂಡಳು. ಗಂಡ ಕ್ರೇನಿನಿಂದ ಇಳಿದು ನಿವೃತ್ತನಾದ. ಮೇಡಂ ಕೋಲು ಹಿಡಿದು ಮನೆ ಸೇರಿದರು. ಅವರ ಜಾಗಕ್ಕೆ ಅವರ ಶಿಷ್ಯೆ ಬಂದರು. ಆ ಹುಡುಗಿಯನ್ನು ಎಲ್ಲರೂ ಕಿರಿ ಮೇಡಂ ಎಂದು ಕರೆದರು. ಬಲೆಯಕ್ಕನಿಗೂ ನಿವೃತ್ತಿ ಆಯಿತು. ಇನ್ನು ಮುಂದೆ ಹೊಲಿದ ಬಲೆಗಳನ್ನೇ ಹೊರದೇಶದಿಂದ ತರಿಸುವುದು ಎಂದು ಸಂಸ್ಥೆ ತೀರ್ಮಾನಿಸಿತು. ಕೊನೆಗೆ ಹಡಗಿಗೂ ವಯಸ್ಸಾಯಿತು. ತುಕ್ಕು ಕೆರೆದಷ್ಟೂ ಒಳಗೆ ತುಕ್ಕೇ. ಒಡೆಯಲು ಕಳಿಸುತ್ತಾರೆ ಎಂಬ ಸುದ್ದಿ ಹಬ್ಬಿದಾಗ ಬಂದರಿಗೆ ಬಂದರೇ ಎದ್ದು ನಿಂತಿತು. ಮೀನುಗಾರರ ಸಂಘ, ಕೂಲಿಗಳ ಸಂಘ, ಶಾಲೆಗಳು, ಎಲ್ಲರೂ ಸೇರಿ ಕೇಳಿದರು. ಹಡಗು ಉಳಿಯಿತು. ಹಡಗುಕಟ್ಟೆಗೇ ಕಟ್ಟಿ, ಬಣ್ಣ ಬಳಿದು, ಮ್ಯೂಸಿಯಂ ಮಾಡಿದರು.

ಮ್ಯೂಸಿಯಂ ಮ್ಯಾನೇಜರ್ ಒಳ್ಳೆಯವನು, ಅಚ್ಚುಕಟ್ಟಿನವನು. ಹಡಗಿನ ಒಂದೊಂದು ಮೊಳೆಯೂ ಅವನಿಗೆ ಪ್ರೀತಿ. ಕಮಾನಿನ ಕೆಳಗೆ ತೂಗುಹಾಕಲು ಒಂದು ಬಲೆ ಬೇಕೆಂದು ಅವನು ಬಲೆಯಕ್ಕನ ಮನೆಗೆ ಬಂದ.

"ಜನ ನೋಡೋಕೆ ಅಷ್ಟೇ ಅಕ್ಕ. ತೆಳ್ಳಗಿರೋ ಯಾವುದಾದ್ರೂ ಪರದೆ ಬಟ್ಟೆ ಆಗುತ್ತೆ. ಸುಮ್ಮನೆ ಕಣ್ಣು ಕೆಡಿಸ್ಕೊಬೇಡಿ."

"ಹಡಗು ನಿಜದ್ದು, ವಿಂಚ್ ನಿಜದ್ದು, ನನ್ನ ಬಲೆ ಮಾತ್ರ ನಾಟಕದ್ದಾ?"

ಅವನು "ನಿಮ್ಮಿಷ್ಟ," ಎಂದು ನಕ್ಕ. ಸಂಸ್ಥೆಯ ಉಗ್ರಾಣದಲ್ಲಿ ಉಳಿದಿದ್ದ ಹಳೆಯ ಬಲೆಬಟ್ಟೆ ಕೊಡಿಸಿದ. ಅವಳು ಕನ್ನಡಕದ ಮೇಲೊಂದು ಭೂತಗನ್ನಡಿ ಕಟ್ಟಿಕೊಂಡು ಹೊಲಿದಳು. ಅಡುಗೆಮನೆಯಿಂದ ಮಲಗುವ ಕೋಣೆಯ ತನಕ ಬಲೆ ಚಾಚಿಕೊಂಡಿತ್ತು. ಗಂಡ ಅದನ್ನು ತುಳಿಯದೆ ಚಹಾ ತರಬೇಕಾದರೆ ಗೋಡೆಗೆ ಬೆನ್ನು ಉಜ್ಜಿಕೊಂಡು ಬರಬೇಕಿತ್ತು. ಅದೇ ಅಳತೆ, ಅದೇ ಮಡಿಕೆ, ಅದೇ ಪಟ್ಟಿ. ಕಮಾನಿನ ಕೆಳಗೆ ತೂಗಿದಾಗ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ತಾನು ಹೊಲಿದದ್ದರಲ್ಲೆಲ್ಲ ಇದೇ ಚೆಂದ ಎಂದು ಅವಳಿಗೆ ಅನ್ನಿಸಿತು.

ಹೊಸ ಹಡಗು ಬಂತು. ಹಳೆಯದರ ಎರಡರಷ್ಟು ದೊಡ್ಡದು, ಒಳಗೆಲ್ಲ ಪರದೆಗಳು, ಮಿಣಮಿಣ ದೀಪಗಳು. ಅದರ ಮೊದಲ ಪ್ರಯಾಣವೇ ಆ ವಾರ್ಷಿಕ ಪ್ರಯಾಣ. ಹೊರಡುವ ದಿನ ಹತ್ತಿರ ಬಂದಾಗ ಒಂದು ಬೆಳಗ್ಗೆ ಕಿರಿ ಮೇಡಂ ಬಲೆಯಕ್ಕನ ಮನೆಗೆ ಏದುಸಿರು ಬಿಡುತ್ತಾ ಓಡಿ ಬಂದರು. ಹಿಂದೆಯೇ ಡೆಕ್ಕಿನ ಮೇಸ್ತ್ರಿ. ಅವನ ತಲೆಯೂ ಈಗ ಪೂರಾ ಬೆಳ್ಳಗಾಗಿತ್ತು. ಹೊಸ ಹಡಗಿನ ವಿಂಚಿಗೂ ಅವನೇ ಬೇಕೆಂದು ಕ್ಯಾಪ್ಟನ್ ಹಟ ಹಿಡಿದು ಉಳಿಸಿಕೊಂಡಿದ್ದರು.

"ಬಲೆಗಳು ಬಂದಿಲ್ಲ ಅಕ್ಕ," ಎಂದರು ಕಿರಿ ಮೇಡಂ. "ಕಂಟೇನರ್ ಬೇರೆ ಯಾವುದೋ ದೇಶದ ಬಂದರಲ್ಲಿ ಸಿಕ್ಕಿಹಾಕ್ಕೊಂಡಿದೆ. ಅದು ಬರೋವರೆಗೆ ಕಾದ್ರೆ ಕಾಲ ದಾಟಿಹೋಗುತ್ತೆ. ಈ ವರ್ಷದ ಲೆಕ್ಕಾನೇ ತಪ್ಪುತ್ತೆ."

"ಹಳೇ ಬಲೆಗಳು?"

"ಎಲ್ಲಾ ತೇಪೆ ಮೇಲೆ ತೇಪೆ," ಎಂದ ಮೇಸ್ತ್ರಿ. "ವಿಂಚಿಗೆ ಹಾಕಿದ್ರೆ ಚಿಂದಿ."

ಹೊಸದು ಹೊಲಿಯೋಣವೆಂದರೆ ಉಗ್ರಾಣದಲ್ಲಿ ಬಟ್ಟೆ ಇರಲಿಲ್ಲ. ಇದ್ದದ್ದೆಲ್ಲ ಮ್ಯೂಸಿಯಂ ಬಲೆಗೆ ಹೋಗಿತ್ತು. ಮೂವರಿಗೂ ಒಟ್ಟಿಗೇ ಹೊಳೆದಿರಬೇಕು. ಒಳಗಿನಿಂದ ಗಂಡನೇ ಕೂಗಿದ: "ತೂಗಾಡ್ತಾ ಇದೆಯಲ್ಲ ಒಂದು, ಅದಕ್ಕೇನಾಗಿದೆ?"

ಮ್ಯೂಸಿಯಂಗೆ ಹೋಗಿ ವಿಷಯ ಹೇಳಿದ ತಕ್ಷಣ ಮ್ಯಾನೇಜರ್ ಎರಡೂ ಕೈ ಅಗಲಿಸಿ ಬಲೆಗೆ ಅಡ್ಡ ನಿಂತ. "ದಿನಾ ಶಾಲೆ ಮಕ್ಕಳು ಬಂದು ನೋಡ್ತಾರೆ. ಇದು ಪ್ರದರ್ಶನದ ವಸ್ತು. ಸಮುದ್ರಕ್ಕೆ ಹಾಕಿ ಹರಿದು ತಂದ್ರೆ ನಾನೇನು ತೋರಿಸ್ಲಿ?"

ಕಿರಿ ಮೇಡಂ ಏನೋ ಹೇಳಲು ಹೊರಟರು. ಬಲೆಯಕ್ಕ ತಡೆದಳು.

"ನೋಡಪ್ಪಾ, ನೀನು ಈ ಹಡಗನ್ನ ಎಷ್ಟು ಚೆನ್ನಾಗಿ ನೋಡ್ಕೊಂಡಿದೀಯ ಅಂತ ನನಗೆ ಗೊತ್ತು. ಆದ್ರೆ ಇದು ಯಾವ ಕೆಲಸ ಮಾಡ್ತಿತ್ತೋ ಆ ಕೆಲಸಾನೇ ನಿಂತುಹೋದ್ರೆ, ಮಕ್ಕಳಿಗೆ ಏನು ಅಂತ ಹೇಳ್ತೀಯ? ಒಂದು ವರ್ಷವೂ ತಪ್ಪಿಲ್ಲ ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೀಯಲ್ಲ."

ಮ್ಯಾನೇಜರ್ ಗೋಡೆಯ ಕಡೆ ನೋಡಿದ. ಬರಹ ಬರೆಸಿದ್ದು ಅವನೇ, ಅಕ್ಷರ ಆರಿಸಿದ್ದೂ ಅವನೇ. ಆಮೇಲೆ ಏಣಿ ತಂದ. ಬೇರೆಯವರನ್ನು ಹತ್ತಲು ಬಿಡದೆ ತಾನೇ ಹತ್ತಿ ಬಲೆ ಬಿಚ್ಚಿದ. ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ.

ಆಗ ಮೇಸ್ತ್ರಿ ಗಂಟಲು ಸರಿಪಡಿಸಿಕೊಂಡ. "ಇರೋದು ಒಂದೇ ಬಲೆ. ಹರಿದ್ರೆ ಅಲ್ಲೇ ಹೊಲಿಯೋರು ಬೇಕಲ್ಲ ಅಕ್ಕ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹಡಗುಕಟ್ಟೆಯಾಚೆಯ ನೀರನ್ನೊಮ್ಮೆ ನೋಡಿದಳು. "ಕೊನೆಗೂ ಸಿಕ್ಕಿಹಾಕಿಸಿದಿರಲ್ಲಯ್ಯಾ," ಎಂದಳು.

ಹೊರಡುವ ದಿನ ಹಿರಿಯ ಮೇಡಂ ಕೋಲೂರಿಕೊಂಡು ಹಡಗುಕಟ್ಟೆಗೆ ಬಂದರು. "ನಾನು ಅಷ್ಟು ವರ್ಷ ಕಾಲಿಗೆ ಬಿದ್ದು ಕರೆದ್ರೂ ಬರ್ಲಿಲ್ಲ. ಈಗ ನನ್ನ ಬಿಟ್ಟು ಹೋಗ್ತಿದೀರಾ," ಎಂದು ಗದರಿದರು. ಕಣ್ಣಲ್ಲಿ ನೀರಿತ್ತು. ಗಂಡ ಒಂದು ಚೀಲ ನಿಂಬೆಹಣ್ಣು ಕೊಟ್ಟ. "ಮೂಗಿಗೆ ಹಿಡ್ಕೋ. ವಾಂತಿ ಬಂದ್ರೆ ಗಾಳಿ ಕಡೆ ಮುಖ ಮಾಡ್ಬೇಡ," ಎಂದು ಎಲ್ಲರಿಗೂ ಕೇಳುವ ಹಾಗೆ ಉಪದೇಶ ಮಾಡಿದ. ಹಡಗು ಬಂದರಿನ ಬಾಯಿ ದಾಟುವಾಗ ಮೀನುದೋಣಿಗಳು ಎರಡೂ ಬದಿಗೆ ಸರಿದು ನಿಂತವು. ಕಿಟಕಿಯಿಂದ ಎಷ್ಟೋ ಸಲ ನೋಡಿದ್ದ ಆ ದಾರಿಯ ನಡುವೆ ಈಗ ಅವಳೇ ಹೋಗುತ್ತಿದ್ದಳು. ಡೆಕ್ಕಿನ ಅಂಚಿನ ಕಂಬಿ ಹಿಡಿದುಕೊಂಡು ನೆಟ್ಟಗೆ ನಿಂತಳು.

ಆ ನೆಟ್ಟಗೆ ನಿಂತದ್ದು ಹೆಚ್ಚು ಹೊತ್ತಿನ ಮಾತಾಗಿರಲಿಲ್ಲ. ದಡ ಮರೆಯಾಗುವುದರೊಳಗೆ ಅವಳು ಬಕೆಟ್ ತಬ್ಬಿಕೊಂಡು ಕೂತಿದ್ದಳು. ಮರುದಿನವೂ ಅದೇ ಪಾಡು. ನಿಂಬೆಹಣ್ಣುಗಳು ಒಂದೊಂದೇ ಖಾಲಿಯಾದವು. ಆದರೂ ಪ್ರತಿ ಜಾಗ ಬಂದಾಗ ಗೋಡೆ ಹಿಡಿದುಕೊಂಡು ಡೆಕ್ಕಿಗೆ ಬಂದು, ಬಲೆ ಇಳಿಯುವುದನ್ನು ನೋಡಿಯೇ ಒಳಗೆ ಹೋಗುತ್ತಿದ್ದಳು. ಮೊದಲ ಜಾಗದಲ್ಲಿ ಸುತ್ತಲೂ ನೋಡಿ ಕೇಳಿದಳು: "ಇದೇನಾ ಮೇಡಂ ಆ ಜಾಗ? ಇಲ್ಲಿ ಏನೂ ಇಲ್ವಲ್ಲ."

"ಇದೇ ಅಕ್ಕ," ಎಂದರು ಕಿರಿ ಮೇಡಂ. "ನಾನು ಹುಟ್ಟೋಕೂ ಮೊದಲಿಂದ ನಿಮ್ಮ ಬಲೆ ಇಲ್ಲೇ ಇಳೀತಿರೋದು."

ಎಲ್ಲ ದಿಕ್ಕಿಗೂ ಬರೀ ನೀರು. ಮೇಸ್ತ್ರಿ ವಿಂಚ್ ಬಿಟ್ಟ. ಬಲೆ ಕಮಾನಿನಡಿ ತೂಗಿ, ನೀರಿಗೆ ತಾಗಿ, ಒಮ್ಮೆ ತೇಲಿ, ಬಾಯಿ ಅಗಲ ತೆರೆದು ಇಳಿಯಿತು. ಬಿಳಿ, ಆಮೇಲೆ ಹಸಿರು, ಆಮೇಲೆ ನೀಲಿ, ಆಮೇಲೆ ಕಾಣಲಿಲ್ಲ. ತಾನು ಹೊಲಿದದ್ದು ಆ ಆಳದಲ್ಲಿ ಒಂಟಿಯಾಗಿ ಕೆಲಸ ಮಾಡುತ್ತಿದೆ ಎಂದು ಯೋಚಿಸಿ ಅವಳಿಗೆ ಮೈ ಜುಮ್ಮೆಂದಿತು. ತಂತಿ ಮೇಲೆ ಬರುವವರೆಗೂ ಹೊಟ್ಟೆಯ ನೆನಪೇ ಆಗಲಿಲ್ಲ.

ಎಲ್ಲಕ್ಕಿಂತ ದೂರದ ಜಾಗಕ್ಕೆ ಬಂದಾಗ ಸಮುದ್ರ ಕೆಟ್ಟಿತು. ಬಲೆ ಮೇಲೆ ಬರುತ್ತಿದ್ದಂತೆ ಹಡಗು ಒಂದು ಕಡೆಗೆ ವಾಲಿತು. ಕಬ್ಬಿಣದ ಬಳೆ ಹಡಗಿನ ಮೈಗೆ ಬಡಿದು, ಬಟ್ಟೆ ಅಂಚಿಗೆ ಸಿಕ್ಕಿಕೊಂಡು ಪರ್ರೆಂದಿತು. ಬಲೆ ಮೊಳಕೈ ಉದ್ದಕ್ಕೆ ಬಾಯಿ ಬಿಟ್ಟುಕೊಂಡಿತು. ಹಿಡಿದದ್ದೆಲ್ಲ ನೀರಿಗೆ ವಾಪಸಾಯಿತು. ಮೇಸ್ತ್ರಿ ಹಲ್ಲು ಕಚ್ಚಿ ವಿಂಚ್ ನಿಲ್ಲಿಸಿದ. ಅವಳನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಕ್ಯಾಪ್ಟನ್ ಮೇಲಿನಿಂದ ಹೇಳಿಕಳಿಸಿದರು: ಗಾಳಿ ಏರುತ್ತಿದೆ, ಇಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದು, ಸಂಜೆಯೊಳಗೆ ಮುಗಿಸಿದರೆ ಸರಿ. ಒಳಗೆ ಹೊಲಿಯೋಣವೆಂದರೆ ಮುಚ್ಚಿದ ಕೋಣೆಯಲ್ಲಿ ಅವಳಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಮೆಷಿನ್ ಆ ಓಲಾಟದಲ್ಲಿ ನಿಲ್ಲುತ್ತಿರಲಿಲ್ಲ. ಡೆಕ್ಕಿನ ಮೇಲೇ, ವಿಂಚಿನ ಮರೆಯಲ್ಲಿ ಅವಳು ಕಾಲು ಚಾಚಿ ಕೂತಳು. ಮೇಸ್ತ್ರಿ ತನ್ನ ಬೆಲ್ಟಿಗೂ ಅವಳ ಸೊಂಟಕ್ಕೂ ಹಗ್ಗ ಬಿಗಿದು ಬೆನ್ನ ಹಿಂದೆ ಗೋಡೆಯಂತೆ ಕೂತ. ಕಿರಿ ಮೇಡಂ ಹರಿದ ಅಂಚುಗಳನ್ನು ಜೋಡಿಸಿ ಹಿಡಿದರು. ಅವಳು ಕೈಸೂಜಿ ತೆಗೆದಳು.

ಹಡಗು ಏಳುವಾಗ ಸೂಜಿ ಚುಚ್ಚಬಾರದು, ಇಳಿಯುವಾಗ ಚುಚ್ಚಬೇಕು ಎಂದು ಅವಳಿಗೆ ಬೇಗನೇ ತಿಳಿಯಿತು. ಎರಡು ಸಲ ಬೆರಳಿಗೇ ಚುಚ್ಚಿತು. ಮೂರು ಸಲ ಬಕೆಟ್ ಬೇಕಾಯಿತು. ಉಪ್ಪುನೀರು ಹಾರಿ ಕನ್ನಡಕ ಮಬ್ಬಾದಾಗ ಕಿರಿ ಮೇಡಂ ತಮ್ಮ ಅಂಗಿಯ ತುದಿಯಲ್ಲಿ ಒರೆಸಿದರು.

"ಸಾಕಾಗಿದ್ರೆ ಬಿಡಿ ಅಕ್ಕ," ಎಂದರು ಅವರು. "ಈ ಒಂದು ಜಾಗ ಬಿಟ್ಟರೂ ಉಳಿದಿದ್ದೆಲ್ಲ ಆಗಿದೆ."

"ನಿಮ್ಮ ಮೇಡಂ ಎದುರು ನಿಂತು ಹಾಗೆ ಹೇಳೋ ಧೈರ್ಯ ಇದೆಯಾ ನಿಮಗೆ?"

"ಇಲ್ಲ."

"ನನಗೂ ಇಲ್ಲ. ಹಿಡ್ಕೊಳ್ಳಿ."

ಬೆನ್ನ ಹಿಂದಿನಿಂದ ಮೇಸ್ತ್ರಿಯ ದನಿ ಬಂತು. "ಇವತ್ತು ನಿಜವಾಗ್ಲೂ ಸಮುದ್ರಾನೇ ಎಳೆದಿದ್ದು ಅಕ್ಕ."

"ಕಣ್ಣಾರೆ ನೋಡಿದೆನಲ್ಲಯ್ಯಾ," ಎಂದಳು ಅವಳು. ನಗು ಬಂದು ಸೂಜಿ ತಪ್ಪಿತು.

ಮಡಿಕೆ ಹಾಕಿ, ಹೊಲಿದು, ಪಟ್ಟಿ ಕೂರಿಸಿದಳು. ನೀರು ಸುರಿದು ನೋಡಿದರು, ಹೊಲಿಗೆಗುಂಟ ಎಲ್ಲೂ ತೂತು ಕಾಣಲಿಲ್ಲ. ಬಿಸಿಲು ಓರೆಯಾಗುವ ಹೊತ್ತಿಗೆ ಬಲೆ ಮತ್ತೆ ಇಳಿಯಿತು. ಈ ಸಲ ಮೇಸ್ತ್ರಿ ಉಸಿರು ಬಿಗಿಹಿಡಿದು, ಅಲೆಯ ಲಯ ನೋಡಿಕೊಂಡು, ಕೂಸನ್ನು ತೊಟ್ಟಿಲಿಂದ ಎತ್ತುವ ಹಾಗೆ ಎತ್ತಿದ. ಬಾಲದ ಡಬ್ಬಿಯಲ್ಲಿ ಗಸಿ ದಟ್ಟವಾಗಿತ್ತು. ಡೆಕ್ಕಿನಲ್ಲಿದ್ದವರೆಲ್ಲ ಕೂಗು ಹಾಕಿದರು. ಕ್ಯಾಪ್ಟನ್ ತಾವೇ ಕೆಳಗಿಳಿದು ಬಂದು ಅವಳ ಕೈ ಹಿಡಿದು ಕುಲುಕಿದರು. ಬೆರಳಿನ ರಕ್ತ ಅವರ ಕೈಗೂ ಹತ್ತಿತು.

ಹಡಗಿನ ಫೋನಿನಲ್ಲಿ ಮೊದಲು ಹಿರಿಯ ಮೇಡಂಗೆ ಸುದ್ದಿ ಹೋಯಿತು. ಆಮೇಲೆ ಫೋನ್ ಅವಳ ಕೈಗೆ ಬಂತು. ಗಂಡ ಆ ಕಡೆಯಿಂದ, "ಊಟ ಮಾಡಿದೆಯಾ?" ಎಂದ.

"ಊಟದ ಮಾತೆತ್ತಬೇಡಿ," ಎಂದಳು. ಆಮೇಲೆ, "ಎಲ್ಲಾ ಜಾಗಾನೂ ಆಯ್ತು ಕಣ್ರೀ. ಒಂದೂ ಬಿಟ್ಟಿಲ್ಲ," ಎಂದಳು. ಮರುಕ್ಷಣ ಅವನು ಬೀದಿಯವರಿಗೆಲ್ಲ ಕೂಗಿ ಹೇಳುತ್ತಿರುವುದು ಫೋನಿನಲ್ಲೇ ಕೇಳಿಸಿತು.

ಮರಳಿ ಬಂದರು ಸೇರುವಾಗ ಹೊಸ ಹಡಗು ಹಳೆಯದರ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಕ್ಯಾಪ್ಟನ್ ವೇಗ ತಗ್ಗಿಸಿ ಉದ್ದಕ್ಕೆ ಸೀಟಿ ಊದಿಸಿದರು. ಹಳೆಯ ಹಡಗಿನ ಡೆಕ್ಕಿನ ತುಂಬ ಶಾಲೆಯ ಮಕ್ಕಳು, ಅವರ ನಡುವೆ ಮ್ಯಾನೇಜರ್. ಅವನು ಓಡಿಹೋಗಿ ಒಳಗಿನಿಂದ ಹಳೆಯ ಹಡಗಿನ ಸೀಟಿಯನ್ನೂ ಊದಿಸಿದ. ತಿಂಗಳುಗಟ್ಟಲೆ ಬಾಯಿ ಮುಚ್ಚಿದ್ದ ಸೀಟಿ ಮೊದಲು ಕೆಮ್ಮಿ, ಆಮೇಲೆ ಗಂಟಲು ಬಿಟ್ಟಿತು. ಮೀನುದೋಣಿಗಳೂ ಸೇರಿಕೊಂಡವು. ಬಲೆಯಕ್ಕ ಕೈ ಬೀಸಬೇಕೋ ಕಣ್ಣೊರೆಸಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಆ ವರ್ಷದ ಕೊನೆಗೆ ಕಂಟೇನರ್ ಬಂತು. ಬಲೆಗಳು ಚೆನ್ನಾಗಿಯೇ ಇದ್ದವು, ಅವನ್ನೂ ಬಳಸುತ್ತಾರೆ. ಆದರೆ ಇಲ್ಲೇ ಹೊಲಿಯುವವರು ಇರಬೇಕು ಎಂದು ಸಂಸ್ಥೆ ಆ ಕೋಣೆಯನ್ನು ಮತ್ತೆ ತೆರೆಯಿತು. ಹೊಲಿಗೆ ಬಲ್ಲ ಇಬ್ಬರು ಹೆಂಗಸರು ಈಗ ಬಲೆಯಕ್ಕನ ಹತ್ತಿರ ಕಲಿಯುತ್ತಿದ್ದಾರೆ. ಮೊದಲ ದಿನ ಅವರಿಗೆ ಸೂಜಿ ಕೊಡುವ ಬದಲು ಪ್ರಯೋಗಾಲಯಕ್ಕೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ತೇಪೆ ಹಾಕಿದ ಬಲೆಯನ್ನು ಮ್ಯಾನೇಜರ್ ಕೇಳಿ ಪಡೆದ. ತೇಪೆ ಮಕ್ಕಳ ಕಡೆಗೆ ಕಾಣುವಂತೆ ತಿರುಗಿಸಿ ತೂಗುಹಾಕಿದ್ದಾನೆ.

ಮರುವರ್ಷ ಗಾಳಿಯ ಕಾಲ ಮುಗಿದಾಗ ಅವಳು ಯಾರೂ ಕರೆಯದೆಯೇ ಚೀಲ ಕಟ್ಟಿಕೊಂಡಳು. ಈ ಸಲ ನಿಂಬೆಹಣ್ಣು ಜಾಸ್ತಿ, ಜೊತೆಗೆ ತನ್ನದೇ ದಿಂಬು.

"ಮನೇಲಿ ನನ್ನ ಯಾರು ನೋಡ್ಕೊಳ್ತಾರೆ?" ಎಂದ ಗಂಡ.

"ನೀವೂ ಬನ್ನಿ. ಸೀಸೆ ಎತ್ತೋಕೆ ಜನ ಬೇಕಂತೆ," ಎಂದಳು ಅವಳು.

ಅವನು ಹೋಗಲಿಲ್ಲ. ಆದರೆ ಹಡಗುಕಟ್ಟೆಯಲ್ಲಿ ನಿಂತು, ಹಡಗಿನ ಹಿಂಭಾಗ ಚುಕ್ಕಿಯಾಗುವ ತನಕ ನೋಡಿ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದವರಿಗೆಲ್ಲ ಅದು ಏನು ಹಡಗು, ಎಲ್ಲಿಗೆ ಹೋಗುತ್ತಿದೆ, ಅದರಲ್ಲಿ ಯಾರಿದ್ದಾರೆ ಎಂದು ವಿವರವಾಗಿ ಹೇಳಿಯೇ ಮನೆಗೆ ಬಂದ.